ಮೇಷ್ಟ್ರ ಇಂಗ್ಲಿಷ್ ಮಗ್ಗಿ

ಕರಿಬಸವಯ್ಯ ಮೇಷ್ಟ್ರು ಇಂಗ್ಲಿಷನ್ನು ಮಗ್ಗಿ ಹೇಳಿಸಿದ ಹಾಗೆ ಹೇಳಿಸುತ್ತಿದ್ದರು. ಹೈಸ್ಕೂಲಿನಿಂದ ನಿವೃತ್ತರಾದ ಮೇಲೆ ನರಸಿಂಹರಾಜಪುರದ ತಮ್ಮ ಮನೆಯ ಮುಂಗೋಣೆಯಲ್ಲಿ ಸ್ಪೋಕನ್ ಇಂಗ್ಲಿಷ್ ಕ್ಲಾಸು ತೆರೆದಿದ್ದರು. ಅವರು ಸ್ಕೇಲಿನಿಂದ ಮೇಜು ಕುಟ್ಟುತ್ತಿದ್ದರೆ ಎದುರಿಗೆ ಕೂತವರು ಒಕ್ಕೊರಲಿನಿಂದ "ಪುಟ್ ಅವೇ, ಪುಟ್ ಬ್ಯಾಕ್, ಪುಟ್ ಡೌನ್, ಪುಟ್ ಆಫ್" ಎಂದು ರಾಗ ಎಳೆಯಬೇಕು. ಹೊರಗೆ ರಸ್ತೆಯಲ್ಲಿ ಹೋಗುವವರಿಗೆ ಭಜನೆಯೋ ಏನೋ ಅನಿಸುತ್ತಿತ್ತು.

ಈ ಇಂಗ್ಲಿಷಿನವರಿಗಾದರೂ ಬೇರೆ ಕೆಲಸವಿರಲಿಲ್ಲವೇ? ನಮ್ಮಲ್ಲಿ ಮುಂದೂಡು ಎಂದರೆ ಮುಂದೂಡು, ನಂದಿಸು ಎಂದರೆ ನಂದಿಸು. ಅವರು ಮಾತ್ರ ಒಂದು 'ಪುಟ್' ಇಟ್ಟುಕೊಂಡು, ಹಿಂದೆ 'ಆಫ್' ಸೇರಿಸಿದರೆ ಮುಂದೂಡು, 'ಔಟ್' ಸೇರಿಸಿದರೆ ನಂದಿಸು, 'ಅಪ್' ಮತ್ತು 'ವಿತ್' ಎರಡನ್ನೂ ಸೇರಿಸಿದರೆ ಸಹಿಸಿಕೋ ಎನ್ನುತ್ತಾರೆ. ಇಷ್ಟೆಲ್ಲ ಹಿಂಸೆ ಕೊಟ್ಟ ಮೇಲೆ ಸಹಿಸಿಕೋ ಎನ್ನದೆ ಇನ್ನೇನು ಹೇಳಿಯಾರು!

ಕ್ಲಾಸಿಗೆ ಸೇರಿದ್ದ ಯಾಸ್ಮೀನ್ ಸಹಿಸಿಕೊಂಡಳು. ಬಿ.ಕಾಂ. ಮಾಡಿದವಳು, ಮದುವೆಯಾದ ಮೇಲೆ ಆ ಡಿಗ್ರಿ ಕಪಾಟಿನಲ್ಲಿ ಬಟ್ಟೆಗಳ ಅಡಿಯಲ್ಲಿ ಮಲಗಿತ್ತು. ಗಂಡ ಅನ್ವರನದು ಪೇಟೆಯಲ್ಲಿ ಚಪ್ಪಲಿ ಅಂಗಡಿ. ಕೆಟ್ಟವನಲ್ಲ, ಆದರೆ ಹೆಂಡತಿಗೆ ಅಂಗಡಿಯ ಸ್ಟೂಲಿಗಿಂತ ಆಚೆ ಒಂದು ಆಸೆ ಇರಬಹುದು ಎಂಬುದು ಅವನ ತಲೆಗೆ ಹೊಳೆದದ್ದೇ ಇಲ್ಲ. ಶೃಂಗೇರಿಯ ಹತ್ತಿರ ಮೆಣಸೆಯ ಕಡೆಯ ಒಂದು ಹೋಮ್‌ಸ್ಟೇಯಲ್ಲಿ ಫೋನು ನೋಡಿಕೊಳ್ಳಲು, ಬಂದವರಿಗೆ ರೂಮು ತೋರಿಸಲು ಹೆಂಗಸೊಬ್ಬರು ಬೇಕು, ಇಂಗ್ಲಿಷ್ ಬರಬೇಕು ಎಂದು ಗೊತ್ತಾದಾಗ ಅವಳು ಹಟ ಹಿಡಿದಳು. ಅನ್ವರ್ ಒಪ್ಪಿದ, ಆದರೆ ಒಂದು ಮಾತು ಸೇರಿಸಿದ.

"ಒಂದ್ಸಲ ನೋಡು. ಆಗ್ಲಿಲ್ಲ ಅಂದ್ರೆ ಸುಮ್ನೆ ಅಂಗಡೀಲಿ ಬಂದು ಕೂತ್ಕೋ. ಆಮೇಲೆ ಈ ಕೆಲಸದ ಸುದ್ದಿ ಬೇಡ."

ಜೀವನದಲ್ಲಿ ಒಮ್ಮೆಯಾದರೂ ಬೆಳಿಗ್ಗೆ ಎದ್ದು, ತನ್ನದೇ ಕೆಲಸಕ್ಕೆಂದು ಬಸ್ಸು ಹತ್ತಬೇಕು. ಅವಳಿಗೆ ಬೇಕಾದದ್ದು ಇಷ್ಟೇ. ಅದಕ್ಕಾಗಿ ಒಗ್ಗರಣೆ ಹಾಕುವಾಗ 'ಟೇಕ್' ಮಗ್ಗಿ, ಬಟ್ಟೆ ಹಿಂಡುವಾಗ 'ಗೆಟ್' ಮಗ್ಗಿ ಎಂದು ಎಲ್ಲವನ್ನೂ ಬಾಯಿಪಾಠ ಮಾಡಿದಳು. ಮೇಷ್ಟ್ರು ಕ್ಲಾಸಿನಲ್ಲಿ ಎಲ್ಲರೆದುರು ಶಹಬ್ಬಾಸ್ ಎಂದರು.

ಇಂಟರ್‌ವ್ಯೂಗೆ ಕರೆದರು. ಕೊಪ್ಪದಲ್ಲಿ ಬಸ್ಸು ಬದಲಾಯಿಸಿ ಶೃಂಗೇರಿಗೆ ಹೋಗಿ, ಅಲ್ಲಿಂದ ಆಟೋ ಹಿಡಿದು ಹೋಮ್‌ಸ್ಟೇ ಮುಟ್ಟಿದಳು. ಮ್ಯಾನೇಜರ್ ರಾಕೇಶ ಮರ್ಯಾದಸ್ಥ ಹುಡುಗ. ಕೂರಿಸಿ, ನೀರು ಕೊಟ್ಟು, ತನ್ನ ಮೊಬೈಲನ್ನು ಕಿವಿಗಿಟ್ಟುಕೊಂಡು ಗೆಸ್ಟಿನ ಹಾಗೆ ಇಂಗ್ಲಿಷಿನಲ್ಲಿ ಶುರುಮಾಡಿದ. ನಾವು ದಾರಿಯಲ್ಲಿದ್ದೇವೆ, ಬರುವುದು ತಡವಾಗುತ್ತದೆ, ರೂಮು ಇಟ್ಟಿರುತ್ತೀರಾ ಎಂದು ಕೇಳಿದ. ಪ್ರಶ್ನೆ ಅವಳಿಗೆ ಪೂರ್ತಿ ಅರ್ಥವಾಯಿತು. ಒಂದು ನಿಮಿಷ ಇರಿ, ನೋಡಿ ಹೇಳುತ್ತೇನೆ ಎನ್ನಬೇಕು. ಅದಕ್ಕೆ ಶಬ್ದ 'ಹೋಲ್ಡ್' ಮಗ್ಗಿಯಲ್ಲಿದೆ ಎಂಬುದೂ ಗೊತ್ತು.

ಆದರೆ ಎಂಟೇಳ್ಲಿ ಎಷ್ಟು ಎಂದು ಥಟ್ಟನೆ ಕೇಳಿದರೆ ಎಂಟೊಂದ್ಲಿ ಎಂಟರಿಂದ ಹೊರಡುವವರನ್ನು ನೀವು ನೋಡಿಲ್ಲವೇ? ಯಾಸ್ಮೀನಳಿಗೂ ಅದೇ ಗತಿಯಾಯಿತು. ಅವಳ ತುಟಿ ಸದ್ದಿಲ್ಲದೆ ಅಲುಗತೊಡಗಿತು. ಹೋಲ್ಡ್ ಬ್ಯಾಕ್, ಹೋಲ್ಡ್ ಡೌನ್, ಹೋಲ್ಡ್ ಆಫ್... ನಡುವೆ ತಪ್ಪಿ, ಮತ್ತೆ ಮೊದಲಿನಿಂದ ಹಿಡಿದಳು.

ರಾಕೇಶ ಮೊಬೈಲು ಕೆಳಗಿಳಿಸಿ ತಗ್ಗಿದ ದನಿಯಲ್ಲಿ, "ಪ್ರಾರ್ಥನೆ ಮಾಡ್ತಿದ್ದೀರಾ? ಮಾಡಿ ಮಾಡಿ, ಪರವಾಗಿಲ್ಲ" ಎಂದ.

ಅವಳಿಗೆ ಭೂಮಿ ಬಾಯಿ ಬಿಡಬಾರದೇ ಅನಿಸಿತು. "ಹೋಲ್ಡ್ ಆನ್!" ಎಂದು ಕೂಗಿದಂತೆ ಹೇಳಿದಳು. ನಿಜವಾದ ಗೆಸ್ಟ್ ಆಗಿದ್ದರೆ ಆ ಹೊತ್ತಿಗೆ ಫೋನು ಇಟ್ಟು ಬೇರೆ ಕಡೆ ರೂಮು ಮಾಡಿಯಾಗಿರುತ್ತಿತ್ತು.

"ಶಬ್ದ ಎಲ್ಲಾ ಗೊತ್ತುಂಟು ನಿಮ್ಗೆ. ಮಾತು ಬರ್ತಿಲ್ಲ ಅಷ್ಟೇ" ಎಂದ ರಾಕೇಶ. "ಸೋಮವಾರ ಇನ್ನೊಂದ್ಸಲ ಬನ್ನಿ. ಆವತ್ತೂ ಹೀಗೇ ಆದ್ರೆ ನಾನೇನೂ ಮಾಡಕ್ಕಾಗಲ್ಲ ಮೇಡಂ."

ವಾಪಸು ಬರುವಾಗ ಅವಳ ಮೈಯೆಲ್ಲ ಉರಿಯುತ್ತಿತ್ತು. ಕೊಪ್ಪದ ಬಸ್‌ಸ್ಟ್ಯಾಂಡಿನಲ್ಲಿ ಅನ್ವರನ ಫೋನು ಬಂತು, ಎತ್ತಲಿಲ್ಲ. ತನ್ನ ಮೇಲೆ ಸಿಟ್ಟು, ಇಂಗ್ಲಿಷಿನ ಮೇಲೆ ಸಿಟ್ಟು, ಎಲ್ಲಕ್ಕಿಂತ ಹೆಚ್ಚು ಆ ಮೇಜು ಕುಟ್ಟುವ ಮನುಷ್ಯನ ಮೇಲೆ ಸಿಟ್ಟು. ಊರಲ್ಲಿ ಇಳಿದವಳು ಮನೆಗೆ ಹೋಗದೆ ನೇರ ಮೇಷ್ಟ್ರ ಮನೆಗೆ ನಡೆದಳು.

ಕ್ಲಾಸು ಇಲ್ಲದ ದಿನ. ಮೇಷ್ಟ್ರು ಒಬ್ಬರೇ ಕೂತು ಚಹಾ ಕುಡಿಯುತ್ತಿದ್ದರು. ನಡೆದದ್ದನ್ನೆಲ್ಲ ಕೇಳಿ ತಲೆಯಾಡಿಸಿದರು.

"ಮಗ್ಗಿ ಗಟ್ಟಿಯಾಗಿಲ್ಲ ಮಾರಾಯ್ತಿ. ಎಲ್ಲಿ, ಹೋಲ್ಡ್ ಇನ್ನೊಂದ್ಸಲ ಹೇಳು ನೋಡಣ."

"ಮಗ್ಗಿ ಸುಡ್ಲಿ ಸರ್!" ಎಂದಳು ಯಾಸ್ಮೀನ್. ದನಿ ಏರಿತ್ತು. ಮೇಷ್ಟ್ರ ಮುಂದೆ ಹೀಗೆ ಮಾತಾಡಬಾರದು ಎಂದು ಗೊತ್ತಿದ್ದರೂ ನಾಲಿಗೆ ನಿಲ್ಲಲಿಲ್ಲ. "ಇಷ್ಟು ದಿನ ಬಂದೆ. ಒಂದ್ಸಲಾನಾದ್ರೂ ನನ್ನತ್ರ ಇಂಗ್ಲಿಷಲ್ಲಿ ಮಾತಾಡಿದೀರಾ? ಈಗ ಮಾತಾಡಿ. ನೀವೇ ಹೋಮ್‌ಸ್ಟೇಯವ್ರು, ನಾನೇ ಗೆಸ್ಟು. ಹಲೋ, ವೀ ಆರ್ ಲೇಟ್. ರೂಮ್ ದೇರ್?"

ಮೇಷ್ಟ್ರು ಕಪ್ಪು ಕೆಳಗಿಟ್ಟರು. ಗಂಟಲು ಸರಿಮಾಡಿಕೊಂಡರು. ಯಾಸ್ಮೀನ್ ಕಾದಳು. ದಿಟ್ಟಿಸಿ ನೋಡಿದಳು. ಮೇಷ್ಟ್ರ ತುಟಿ ಸದ್ದಿಲ್ಲದೆ ಅಲುಗುತ್ತಿತ್ತು.

ಅವರೂ ಮೊದಲಿನಿಂದ ಹೊರಟಿದ್ದರು.

ಅವಳು ಬೈಯಬೇಕೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ಎಲ್ಲಿ ಹೋಯಿತೋ. ಮೇಷ್ಟ್ರಿಗೂ ತಾವು ಸಿಕ್ಕಿಬಿದ್ದದ್ದು ಗೊತ್ತಾಯಿತು. ಕಿಟಕಿಯ ಕಡೆ ಮುಖ ತಿರುಗಿಸಿದರು.

"ನನ್ನತ್ರ ಯಾರು ಇಂಗ್ಲಿಷಲ್ಲಿ ಮಾತಾಡ್ತಾರೆ, ನೀನೇ ಹೇಳು" ಎಂದರು ಕೊನೆಗೆ. "ನಮ್ ಮೇಷ್ಟ್ರು ನಂಗೆ ಮಗ್ಗಿ ಹೇಳ್ಸಿದ್ರು, ನಾನು ಮಕ್ಳಿಗೆ ಹೇಳ್ಸಿದೆ. ಪರೀಕ್ಷೇಲಿ ಬಿಟ್ಟ ಸ್ಥಳ ತುಂಬಕ್ಕೆ ಅಷ್ಟು ಸಾಕಿತ್ತು. ಒಂದ್ಸಲ ಶೃಂಗೇರೀಲಿ ಯಾವ್ದೋ ದೇಶದವ್ನು ಬಂದು ದಾರಿ ಕೇಳ್ದ. ಕಿವಿ ಕೇಳದವನ ಹಾಗೆ ಕೈಯಾಡಿಸ್ಬಿಟ್ಟೆ. ಹೆದ್ರಿಕೆ ಕಣಮ್ಮ. ತಪ್ಪಾದ್ರೆ ಅಂತ ಹೆದ್ರಿಕೆ. ಇಂಗ್ಲಿಷ್ ಮೇಷ್ಟ್ರು ತಪ್ಪು ಮಾತಾಡಿದ್ರೆ ಊರು ನಗಲ್ವಾ?"

ಯಾಸ್ಮೀನಳ ಸಿಟ್ಟು ಪೂರ್ತಿ ಇಳಿದಿರಲಿಲ್ಲ. ಇಷ್ಟು ದಿನ ಹಾಳು ಮಾಡಿದರಲ್ಲ ಎಂಬ ಸಂಕಟ ಇನ್ನೂ ಇತ್ತು. ಆದರೆ ಆ ಹೆದರಿಕೆ ಅವಳಿಗೆ ಚೆನ್ನಾಗಿ ಗೊತ್ತು. ಬೆಳಿಗ್ಗೆಯಷ್ಟೇ ರಾಕೇಶನ ಎದುರು ಅದರ ಜೊತೆಗೇ ಕೂತು ಬಂದಿದ್ದಳು. ಬೆಂಚೆಳೆದುಕೊಂಡು ಕೂತಳು.

"ಅದನ್ನೇ ಇಂಗ್ಲಿಷಲ್ಲಿ ಹೇಳಿ ಸರ್."

"ಯಾವ್ದನ್ನ?"

"ಹೆದ್ರಿಕೆ ಅಂದ್ರಲ್ಲ, ಅದನ್ನ."

ಮೇಷ್ಟ್ರು ಕಿಟಕಿಯಿಂದ ಮುಖ ಈಚೆ ತಿರುಗಿಸಿದರು. ಆಮೇಲೆ ಮೊದಲ ಸಲ ಒಬ್ಬನೇ ಬಸ್ಸು ಹತ್ತಿ ಚಾರ್ಜು ಎಷ್ಟೆಂದು ಕೇಳುವ ಹುಡುಗನ ದನಿಯಲ್ಲಿ, "ಐ ಯಾಮ್ ಅಫ್ರೇಡ್" ಎಂದರು.

"ಮೀ ಆಲ್ಸೋ ಸರ್."

"ವೈ... ವೈ ಯು ಅಫ್ರೇಡ್?"

"ಮಂಡೇ ನೋ ಜಾಬ್, ಫಿನಿಶ್" ಎಂದಳು ಯಾಸ್ಮೀನ್. ಶಬ್ದಗಳು ಹೇಗೆ ಬಂದವೋ ಹಾಗೇ ಬಿಟ್ಟಳು. "ಮೈ ಹಸ್ಬೆಂಡ್ ಟೆಲ್, ಸಿಟ್ ಇನ್ ಶಾಪ್. ಐ ಸಿಟ್. ಎವ್ರಿಡೇ ಲುಕಿಂಗ್ ಪೀಪಲ್ ಲೆಗ್. ನೋಬಡಿ ಆಸ್ಕ್ ಮೀ, ಯಾಸ್ಮೀನ್, ವಾಟ್ ಯು ವಾಂಟ್."

ಹೇಳಿ ಮುಗಿಸುವಾಗ ಅವಳ ಕಣ್ಣು ತುಂಬಿತ್ತು. ಕನ್ನಡದಲ್ಲಾಗಲಿ ಉರ್ದುವಿನಲ್ಲಾಗಲಿ ಈ ಮಾತನ್ನು ಅವಳು ಈವರೆಗೆ ಯಾರ ಹತ್ತಿರವೂ ಹೇಳಿರಲಿಲ್ಲ.

ಮೇಷ್ಟ್ರು ಅಭ್ಯಾಸಬಲದಿಂದ ತಿದ್ದಲು ಬಾಯಿ ತೆರೆದರು, ತಿದ್ದಲಿಲ್ಲ.

"ಯಾಸ್ಮೀನ್," ಎಂದರು, "ವಾಟ್ ಯು ವಾಂಟ್?"