ವೆಲ್ಕೊನ ಮೂರು ಚುಕ್ಕೆ

ಕುಮ್ ತಂದ ಪೆಟ್ಟಿಗೆಯನ್ನು ಬಿಚ್ಚಿ ನೋಡುವುದೆಂದರೆ, ಡಾನ್ಯೂಬ್ ದಂಡೆಯ ಆ ಊರಿನಲ್ಲಿ, ಅವನ ಮುಖಕ್ಕೆ ಉಗಿದಂತೆಯೇ. ಮದುವೆಯಲ್ಲಿ ನಿಮ್ಮ ತಲೆಯ ಮೇಲೆ ಕಿರೀಟ ಹಿಡಿದವನು ಕುಮ್, ಒಡಹುಟ್ಟಿದವರಿಗಿಂತ ಹೆಚ್ಚು; ಈ ನಂಟಿನಲ್ಲಿ ಹೆಂಗಸನ್ನು ಕುಮಾ ಎನ್ನುತ್ತಾರೆ. ಅಣುಸ್ಥಾವರದ ಉಗ್ರಾಣದಲ್ಲಿ ಬಿಡಿಭಾಗಗಳನ್ನು ಪರೀಕ್ಷಿಸುತ್ತಿದ್ದ ಝಿವ್ಕಾ ಬೇರೆಯವರ ಮಾಲನ್ನೆಲ್ಲ ಜಾಲಾಡಿಬಿಡುತ್ತಿದ್ದಳು. ತನ್ನ ಕುಮ್ ಡಾಂಚೊ ಪೂರೈಸುವ ವಾಲ್ವುಗಳ ಪೆಟ್ಟಿಗೆಗೆ ಮಾತ್ರ ಕಣ್ಣುಮುಚ್ಚಿ, ಪಾಸಾಯಿತೆಂಬ ಹಸಿರು ಚೀಟಿ ಕಟ್ಟುತ್ತಿದ್ದಳು. ತಪ್ಪೇ ಅದು, ಸಣ್ಣದೂ ಅಲ್ಲ. ಆದರೆ ಆ ಊರಿನವರು ಯಾರಿದ್ದರೂ ಅದನ್ನೇ ಮಾಡುತ್ತಿದ್ದರು.

ಆ ಬೆಳಿಗ್ಗೆ ಡಾಂಚೊನ ಪೆಟ್ಟಿಗೆಯೊಂದು ಗಾಡಿಯಿಂದ ಜಾರಿ ಒಡೆಯಿತು. ಫಳಫಳ ಹೊಳೆಯುವ ವಾಲ್ವೊಂದು ಉರುಳಿ ಬಂದು ಝಿವ್ಕಾಳ ಕಾಲ ಬಳಿ ನಿಂತಿತು. ಎತ್ತಲು ಬಗ್ಗಿದವಳಿಗೆ ಅದರ ಅಂಚಿನ ಒಳಗೆ ಮೂರು ಚುಕ್ಕೆ ಕಂಡವು. ಎರಡು ಹತ್ತಿರ, ಒಂದು ದೂರ.

ಅವು ಅವಳ ಗಂಡ ವೆಲ್ಕೊ ಹೊಡೆಯುವ ಚುಕ್ಕೆಗಳು. ಇದೇ ಸ್ಥಾವರದಲ್ಲಿ ಫಿಟ್ಟರ್ ಆಗಿದ್ದಾಗ, ತಾನು ಕೈಯಾರೆ ಉಜ್ಜಿ ಸರಿಮಾಡಿದ ಪ್ರತಿ ವಾಲ್ವಿಗೂ ಅವನು ಹೀಗೇ ಗುರುತು ಹಾಕುತ್ತಿದ್ದ. ನಿವೃತ್ತನಾದ ಮೇಲೆ, ಟ್ರ್ಯಾಕ್ಟರ್ ರಿಪೇರಿ ಎಂದು ದಿನವೂ ಡಾಂಚೊನ ಶೆಡ್ಡಿಗೆ ಹೋಗುತ್ತಿದ್ದ. ಝಿವ್ಕಾ ಬೀಗದ ಕೈಯಿಂದ ವಾಲ್ವಿನ ಬಣ್ಣ ಕೆರೆದಳು. ಕೆಳಗೆ ತುಕ್ಕು ತಿಂದ ಗುಳಿಗಳಿದ್ದವು. ಸ್ಥಾವರ ಗುಜರಿಗೆ ಹಾಕಿದ್ದ ಹಳೆಯ ವಾಲ್ವು ಹೊಸದೆಂಬ ಹೆಸರಲ್ಲಿ ಅವಳ ಕೈಗೇ ವಾಪಸು ಬಂದಿತ್ತು.

ಸಂಜೆ ವೆಲ್ಕೊ ಅಂಗಳದಲ್ಲಿ ಕೆಂಪು ಮೆಣಸಿನಕಾಯಿ ಸುಡುತ್ತಿದ್ದ.

"ಡಾಂಚೊನ ಟ್ರ್ಯಾಕ್ಟರಿಗೂ ಮೂರು ಚುಕ್ಕೆ ಹೊಡೀತೀಯಾ?" ಎಂದಳು.

ಅವನ ಕೈ ನಿಂತಿತು. "ಥತ್! ಕೆಲಸ ಚೆನ್ನಾಗಾದ್ರೆ ಈ ಕೈ ಸುಮ್ನಿರಲ್ಲ ಕಣೇ. ಹೆದರ್ಬೇಡ, ನಾನು ಉಜ್ಜಿದ್ದು ಒಂದು ಹನಿ ಸೋರಲ್ಲ."

"ಉಜ್ಜಿಬಿಟ್ರೆ ಕಬ್ಬಿಣಕ್ಕೆ ಪ್ರಾಯ ಬರುತ್ತಾ? ರಿಯಾಕ್ಟರ್ ತಂಪು ಮಾಡೋ ನೀರಿನ ಪೈಪಿಗೆ ಹಾಕ್ತಾರೆ ಅದನ್ನ! ಇಡೀ ಊರು ಅದರ ಮಗ್ಗುಲಲ್ಲಿ ಮಲಗುತ್ತೆ!"

"ಮೆಲ್ಲಗೆ ಮಾತಾಡು. ಪಕ್ಕದ ಮನೆಯೋರಿಗೆ ಕೇಳುತ್ತೆ."

"ಚೀಟಿ ಕಟ್ಟಿದೋಳು ನಾನು, ವೆಲ್ಕೊ. ಜೈಲಿಗೆ ಹೋಗೋಳೂ ನಾನೇ. ಒಂದ್ಸಲನಾದ್ರೂ ನನ್ನ ನೆನಪಾಗ್ಲಿಲ್ವಾ?"

"ನೆನಪಾಗ್ದೆ ಏನು? ನೀನಿದ್ದೀಯ ಅಂತಾನೇ ಕಳಿಸಿದ್ದು. ಬೇರೆಯೋರಾಗಿದ್ರೆ ಬಿಚ್ಚಿ ನೋಡೋರು."

ಡಾಂಚೊ ಕಣ್ಣಿಗೆ ಮಣ್ಣೆರಚಿದ್ದನ್ನು ಅವಳು ಹೇಗೋ ನುಂಗಿಕೊಳ್ಳುತ್ತಿದ್ದಳೇನೋ. ಆದರೆ ಗಂಡನ ಈ ಮಾತು ಗಂಟಲಲ್ಲಿ ಇಳಿಯಲಿಲ್ಲ. ತನ್ನ ನಂಬಿಕೆಯನ್ನೇ ಇವರು ಕಳ್ಳಬಾಗಿಲು ಮಾಡಿಕೊಂಡಿದ್ದರು. ಅವನು ತಟ್ಟೆಗೆ ಹಾಕಿಕೊಟ್ಟ ಮೆಣಸಿನಕಾಯಿಯನ್ನು ಅವಳು ಮುಟ್ಟಲಿಲ್ಲ.

ಮರುದಿನ ನೇರವಾಗಿ ಮುಖ್ಯ ಎಂಜಿನಿಯರರ ಕೋಣೆಗೆ ಹೋಗಿ ಎಲ್ಲವನ್ನೂ ಹೇಳಿದಳು, ತಾನು ಬಿಚ್ಚದೆ ಒಳಗೆ ಬಿಟ್ಟದ್ದನ್ನೂ. ಸ್ಥಾವರವನ್ನು ನಿಲ್ಲಿಸಿದರು. ಡಾಂಚೊ ಪೂರೈಸಿ, ಪೈಪುಗಳಿಗೆ ಕೂಡಿಸಿದ್ದ ವಾಲ್ವುಗಳು ಒಂದೊಂದಾಗಿ ಹೊರಬಂದವು. ಚುಕ್ಕೆ ಕಂಡದ್ದಕ್ಕೆಲ್ಲ ಝಿವ್ಕಾ ತಾನೇ ಕೆಂಪು ಚೀಟಿ ಕಟ್ಟಿದಳು.

ಮಧ್ಯಾಹ್ನ ಡಾಂಚೊ ಫೋನ್ ಮಾಡಿದ. "ಕುಮಾ, ತಲೆ ಕೆಟ್ಟಿದ್ಯಾ ನಿಂಗೆ? ಅದ್ರಲ್ಲಿ ನಿನ್ನ ಗಂಡನ ಕೈನೂ ಇದೆ!"

"ಗೊತ್ತು, ಕುಮ್. ಅದಕ್ಕೇ ಹುಡುಕೋದು ಸುಲಭ ಆಯ್ತು."

ಫೋನ್ ಇಟ್ಟು, ಮುಂದಿನ ವಾಲ್ವನ್ನು ಎತ್ತಿಕೊಂಡಳು.