ಟೆಂಟಿನೊಳಗೆ ಮಲಗಿದ್ದವನು

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಸುವ ಫಾಜಿಲ್‌ಗೆ ತಲೆ ನರೆತರೂ ಹುಡುಗಾಟ ಬಿಟ್ಟಿರಲಿಲ್ಲ. ವರ್ಷಕ್ಕೊಮ್ಮೆ ಗೆಳೆಯರಾದ ಚಲಪತಿ, ರಮೇಶ್‌ಬಾಬು ಇಬ್ಬರನ್ನೂ ಕಾರಿಗೆ ತುಂಬಿಕೊಂಡು, ಹೆದ್ದಾರಿ ಹಿಡಿದು ಉತ್ತರಕ್ಕೆ ಹೊರಡಬೇಕು, ಕಂಡ ಬಯಲಲ್ಲಿ ಟೆಂಟು ಹೊಡೆಯಬೇಕು. ಈ ಸಲ ಕೆಂಚಾರ್ಲಹಳ್ಳಿಯಲ್ಲಿ ರೇಷ್ಮೆ ಹುಳ ಸಾಕುವ ಚಲಪತಿ, "ಹುಳ ಹಣ್ಣಾಗ್ತಾ ಐತೆ ಕಣೋ, ಬಿಟ್ಟು ಬರಕ್ಕಾಗಲ್ಲ" ಅಂದ. ರಮೇಶ್‌ಬಾಬುಗೆ ಮಂಡಿನೋವಂತೆ. ಒಂದು ವರ್ಷ ತಪ್ಪಿದರೆ ಇನ್ನು ಯಾವತ್ತಿಗೂ ಇಲ್ಲ ಎಂಬ ಭಯ ಫಾಜಿಲ್‌ಗೆ. ಹಟಕ್ಕೆ ಬಿದ್ದು ಒಬ್ಬನೇ ಹೊರಟ.

ಹೊರಟಿದ್ದೇನೋ ಸರಿ, ಪೆರೇಸಂದ್ರ ತಲುಪುವಷ್ಟರಲ್ಲೇ ಉತ್ಸಾಹ ಠುಸ್ಸಾಯಿತು. ಪಕ್ಕದ ಸೀಟಿನಲ್ಲಿ ಬೈಯುವವರಿಲ್ಲದೆ ಕಾರು ಓಡಿಸುವುದೂ ಒಂದು ಓಡಿಸುವುದೇ! ರಸ್ತೆ ಪಕ್ಕ ಟೀ ಅಂಗಡಿ ಇಟ್ಟಿದ್ದ ಅಮ್ಮಾಜಮ್ಮನನ್ನು ಟೆಂಟಿಗೆ ಜಾಗ ಕೇಳಿದ್ದಕ್ಕೆ, "ಹುಣಸೆಮರದ ಕೆಳಗೆ ಹಾಕ್ಕೊಳಪ್ಪ, ನೆರಳೈತೆ" ಅಂದಳು. ಮೂವರು ಹಿಡಿಯುವ ಟೆಂಟನ್ನು ಒಬ್ಬನೇ ನಿಲ್ಲಿಸುವಷ್ಟರಲ್ಲಿ ಸಾಕುಸಾಕಾಯಿತು. ಆಕೆ ಬಡಿಸಿದ ಮುದ್ದೆ, ಹುರುಳಿ ಸಾರು ಉಂಡು ಬಿದ್ದುಕೊಂಡ. ಗಾಳಿ ತಣ್ಣಗಿತ್ತು, ಒಳ್ಳೇ ನಿದ್ದೆ ಬಂತು. ಎದ್ದಾಗ ಬಿಸಿಲು ಇಳಿದಿತ್ತು. "ನೋಡ್ರೋ, ಎಂಥಾ ಜಾಗ" ಎನ್ನಲು ಬಾಯಿ ತೆರೆದವನು, ಕೇಳಲು ಯಾರೂ ಇಲ್ಲವೆಂಬುದು ನೆನಪಾಗಿ ಅದನ್ನೇ ಆಕಳಿಕೆ ಮಾಡಿಕೊಂಡ.

ಅಷ್ಟರಲ್ಲಿ ಚಲಪತಿಯ ಫೋನು.

"ಎಲ್ಲಿದೀಯೋ? ಒಬ್ನೇ ಹೋದ್ಯಾ?"

ಅಯ್ಯೋ ಪಾಪ ಅನ್ನಿಸಿಕೊಳ್ಳುವುದಕ್ಕಿಂತ ಸುಳ್ಳೇ ವಾಸಿ. "ಒಬ್ನೇ ಯಾಕೋ? ರಮೇಶ್‌ಬಾಬು ಕೊನೇ ಗಳಿಗೇಲಿ ಬಂದ. ಉಂಡು ಟೆಂಟೊಳಗೆ ಗೊರಕೆ ಹೊಡೀತಾವ್ನೆ. ನೀನೊಬ್ನೇ ತಪ್ಪಿಸ್ಕೊಂಡಿದ್ದು, ಹೊಟ್ಟೆ ಉರ್ಕೋ!"

ಆ ಕಡೆ ಚಲಪತಿಯ ಹಿಂದಿನಿಂದ ಯಾರೋ ಕೂಗಿದರು: "ಚಲಪತೀ, ಈ ಚಂದ್ರಿಕೆ ತುಂಬೋಯ್ತು, ಇನ್ನೊಂದು ತಗೊಂಬಾರೋ!"

ಹಣ್ಣಾದ ಹುಳವನ್ನು ಗೂಡು ಕಟ್ಟಲು ಬಿಡುವ ಬಿದಿರಿನ ತಟ್ಟಿಯೇ ಚಂದ್ರಿಕೆ. ಅದನ್ನು ತುಂಬಲು ಬೇಕಾದವರನ್ನೇ ಕರೆಯುತ್ತಾರೆ. ಕೂಗಿದ ದನಿ ಫಾಜಿಲ್ ಚಿಕ್ಕಂದಿನಿಂದ ಕೇಳಿದ್ದು, ರಮೇಶ್‌ಬಾಬುವಿನದು. ಫಾಜಿಲ್‌ಗೆ ಮುಖ ಸುಟ್ಟಂತಾಯಿತು. ಮಂಡಿನೋವು ಎಂದವನು ಅಲ್ಲಿಗೆ ಹೋಗಿದ್ದ. ತನ್ನನ್ನೂ ಒಂದು ಮಾತು ಕರೆದಿದ್ದರೆ, ಟೆಂಟನ್ನು ಅಟ್ಟಕ್ಕೆ ಎಸೆದು ಓಡಿ ಹೋಗುತ್ತಿರಲಿಲ್ಲವೇ?

ಚಲಪತಿ ಕೆಮ್ಮಿದ. ದನಿ ತಗ್ಗಿಸಿ, "ಮಲಕ್ಕೊಳ್ಳಿ ಬಿಡಪ್ಪ" ಅಂದ. "ಎಬ್ಬಿಸಬೇಡ ಅವನ್ನ."

"ಇಲ್ಲ ಕಣೋ, ಎಬ್ಬಿಸಲ್ಲ" ಅಂದ ಫಾಜಿಲ್.