ಖಾಲಿ ಜಾಗ

"ಡಿಲೀಟ್ ಮಾಡಿದ್ರೆ ಸಾಲಲ್ವಂತೆ ಕಣ್ರೀ, ಕಂಪನಿ ಲಾಯರ್ ಹೇಳಿದ್ರು. ಖಾಲಿ ಜಾಗಾನೂ ಒರೆಸಿ ಹಾಕ್ಬೇಕಂತೆ." ಮ್ಯಾನೇಜರ್ ಮುನಿರತ್ನ ಬಾಗಿಲು ಮುಚ್ಚಿದರು.

ಮಾಕಳಿಯ ಆ ಕಾರ್ಖಾನೆಯ ಕಂಪ್ಯೂಟರುಗಳನ್ನು ನೋಡಿಕೊಳ್ಳುತ್ತಿದ್ದ ವಿಶ್ವನಾಥನಿಗೆ ಯಾವ ಫೈಲೆಂದು ಕೇಳಬೇಕಾಗಿರಲಿಲ್ಲ. ಹಿಂದಿನ ವಾರ ಒಂದು ಮಧ್ಯಾಹ್ನ ಕಾರ್ಮಿಕ ಶರಣುವಿನ ಬಲಗೈ ಪ್ರೆಸ್ ಯಂತ್ರದಡಿ ಸಿಕ್ಕಿ ಮಣಿಕಟ್ಟಿನವರೆಗೆ ಹೋಗಿತ್ತು. ತಪ್ಪು ಅವನದೇ ಎಂದು ಕಂಪನಿ ಹೇಳುತ್ತಿತ್ತು. ಕ್ಯಾಮೆರಾ ದೃಶ್ಯಗಳೆಲ್ಲ ಮುನಿರತ್ನರ ಕಂಪ್ಯೂಟರಿನಲ್ಲಿರುತ್ತಿದ್ದವು. ಆ ಮಧ್ಯಾಹ್ನದ್ದು ಮಾತ್ರ ಈಗ ಇರಲಿಲ್ಲ.

"ನಿಮ್ಮೂರೋನಂತಲ್ಲ ಅವ್ನು?"

"ಹೌದು ಸಾರ್. ಇಲ್ಲಿಗೆ ಸೇರಿಸಿದ್ದೂ ನಾನೇ."

"ಬೇಜಾರಾಗುತ್ತೆ, ಗೊತ್ತು. ಆದ್ರೆ ನಿಮ್ ಕೆಲ್ಸ ಖಾಯಂ ಮಾಡೋದಕ್ಕೆ ನಾನೇ ತಾನೇ ಸೈನ್ ಹಾಕ್ಬೇಕಿರೋದು?" ಎಂದು ನಕ್ಕು ಮುನಿರತ್ನ ಊಟಕ್ಕೆ ಎದ್ದರು.

ಡಿಲೀಟ್ ಮಾಡಿದರೆ ಹೆಸರಷ್ಟೇ ಹೋಗುತ್ತದೆ. ಮೇಲೆ ಬೇರೇನಾದರೂ ಬರೆಯುವವರೆಗೆ ಒಳಗಿನದು ಹಾಗೇ ಬಿದ್ದಿರುತ್ತದೆ. ವಿಶ್ವನಾಥ ಹುಡುಕಿದ. ದೃಶ್ಯ ಸಿಕ್ಕಿಯೇಬಿಟ್ಟಿತು. ಅದಕ್ಕೆ ದನಿಯಿರಲಿಲ್ಲ. ಶರಣು ಯಂತ್ರ ನಿಲ್ಲಿಸಿ, ಕೈಗೆ ಅಡ್ಡವಾಗಿರಬೇಕಾದ ಜಾಲರಿ ಇಲ್ಲದ್ದನ್ನು ಸೂಪರ್‌ವೈಸರನಿಗೆ ತೋರಿಸುತ್ತಾನೆ. ಅವನು ಗಡಿಯಾರ ತೋರಿಸಿ ಗದರುತ್ತಾನೆ. ಶರಣು ತಲೆ ತಗ್ಗಿಸಿ ಮತ್ತೆ ಯಂತ್ರದ ಮುಂದೆ ಕೂರುತ್ತಾನೆ.

ಮುಂದಿನದನ್ನು ವಿಶ್ವನಾಥ ನೋಡಲಿಲ್ಲ. ಜೇಬಿನಲ್ಲಿ ಪೆನ್‌ಡ್ರೈವ್ ಇತ್ತು. ಅದನ್ನು ಹೊರತೆಗೆದು ಸ್ವಲ್ಪ ಹೊತ್ತು ಬೆರಳುಗಳ ನಡುವೆ ತಿರುಗಿಸಿದ. ಮತ್ತೆ ಜೇಬಿಗೆ ಹಾಕಿಕೊಂಡು, ಖಾಲಿ ಜಾಗದ ಮೇಲೆಲ್ಲ ಸೊನ್ನೆಗಳನ್ನು ತುಂಬುವ ಕೆಲಸಕ್ಕೆ ಕಂಪ್ಯೂಟರನ್ನು ಹಚ್ಚಿದ. ಪರದೆಯ ಮೇಲೆ ಹಸಿರು ಪಟ್ಟಿ ನಿಧಾನವಾಗಿ ಬೆಳೆಯತೊಡಗಿತು.

ಅಷ್ಟರಲ್ಲಿ ಗೇಟಿನಿಂದ ಫೋನು ಬಂತು. ಶರಣುವಿನ ಹೆಂಡತಿ ನೀಲಕ್ಕ ಬಂದಿದ್ದಳು. ವಿಶ್ವನಾಥ ಎದ್ದು ಗೇಟಿಗೆ ಹೋದ.

"ತಮ್ಮಾ, ನಮ್ಮ ವಕೀಲರು ಹೇಳ್ಯಾರ, ಅಳಿಸಿದ್ದೂ ಕಂಪ್ಯೂಟರ್‌ನಾಗಿಂದ ಮತ್ತ ತೆಗಿಲಾಕ ಬರ್ತದಂತ. ಖರೇ ಏನು?"

ಪಟ್ಟಿ ಇನ್ನೂ ಅರ್ಧವೂ ತುಂಬಿರಲಾರದು. ಓಡಿದರೆ ನಿಲ್ಲಿಸಬಹುದಿತ್ತು.

"ಇಲ್ಲಕ್ಕಾ. ಹೋದದ್ದು ಹೋತು."

ನೀಲಕ್ಕ ಅವನ ಮುಖವನ್ನೇ ನೋಡಿದಳು. "ನೀ ಹೇಳ್ದಿ ಅಂದ್ರ ಮುಗೀತು ಬಿಡಪ್ಪ. ಬ್ಯಾರೇದವರು ಹೇಳಿದ್ರ ನಂಬ್ತಿದ್ದಿಲ್ಲ." ಸೆರಗಿನಿಂದ ಮುಖ ಒರೆಸಿಕೊಂಡು ಕೇಳಿದಳು, "ಅವರ ಅರಿವಿ ಒಳಗ ಉಳದಾವಂತ. ತಂದು ಕೊಡ್ತಿ?"

ಲಾಕರಿನಲ್ಲಿದ್ದುದನ್ನೆಲ್ಲ ವಿಶ್ವನಾಥ ಚೀಲಕ್ಕೆ ತುಂಬಿಕೊಂಡು ಬಂದ. ನೀಲಕ್ಕ ಗೇಟಿನ ಕಟ್ಟೆಯ ಮೇಲೆ ಕೂತು ಒಂದೊಂದನ್ನೇ ನೋಡಿ ಮಡಿಚಿಟ್ಟಳು: ಅಂಗಿ, ಟವೆಲ್ಲು, ಚಪ್ಪಲಿ. ತಳದಲ್ಲಿ ಒಂದು ಜೊತೆ ಕೈಗವಸು ಸಿಕ್ಕಿತು. ಅದನ್ನು ತೆಗೆದು ಅವನತ್ತ ಚಾಚಿದಳು.

"ಇವು ಕಂಪನೀವು, ತಮ್ಮಾ. ನಮಗ ಬ್ಯಾಡ."

"ಇರ್ಲಿ ಬಿಡಕ್ಕಾ."

"ಬ್ಯಾಡಪ. ನಾಳಿ ಇದಕ್ಕ ನಿನಗೊಂದು ಮಾತು ಬರಬಾರದು. ಸೇರಿಸ್ದಂವ ನೀನು."

ಲಾರಿಗಳ ಸಾಲು ಕಡಿಮೆಯಾಗುವವರೆಗೆ ಕಾದು ಅವಳು ತುಮಕೂರು ರಸ್ತೆ ದಾಟಿದಳು. ವಿಶ್ವನಾಥ ಕೈಗವಸು ಹಿಡಿದುಕೊಂಡು ಗೇಟಿನಲ್ಲೇ ನಿಂತಿದ್ದ. ಎಡಗೈಯದು, ಬಲಗೈಯದು, ಎರಡೂ ಹೊಸವು.